ಬೀಳುವುದೇ ಅದರ ಕೆಲಸ

ಹಂಪಾಪುರದ ಚಿಕ್ಕಮ್ಮನ ಮನೆಗೆ ವೈರಿಂಗ್ ಕೆಲಸಕ್ಕೆ ಬರುತ್ತಿದ್ದವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ತಂತಿಯನ್ನು ಎರಡು ಬೆರಳಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ಅದರ ದಪ್ಪ ಹೇಳುತ್ತಿದ್ದುದು ನೆನಪಿದೆ. ಕಣ್ಣು ಮುಚ್ಚುತ್ತಿದ್ದರೆಂಬುದು ನಾನೇ ಸೇರಿಸಿಕೊಂಡದ್ದೂ ಇರಬಹುದು.

ಆಗ ಚಿಕ್ಕಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಸ್ನಾನಕ್ಕೆಂದು ಹಾಕಿಸಿದ ಗೀಸರ್ ಕಾಯುವ ಮೊದಲೇ ಬ್ರೇಕರ್ ಬಿದ್ದು ಕರೆಂಟು ಹೋಗುತ್ತಿತ್ತು. ಹದಿನಾರು ಆಂಪಿಯರಿನ ಆ ಬ್ರೇಕರ್ ಬದಲಿಸಲು ಚಿಕ್ಕಪ್ಪ ಹುಣಸೂರಿನಿಂದ ಮೂವತ್ತೆರಡರದು ತಂದಿದ್ದರು.

"ಇದ್ನ ಹಾಕ್ಬುಡಪ್ಪ, ಮತ್ತೆ ಬೀಳಾಕಿಲ್ಲ."

"ಬೀಳೋದೇ ಅದ್ರ ಕೆಲ್ಸ ಕಣಣ್ಣ. ಗೋಡೆ ಒಳ್ಗಿರೋದು ಲೈಟಿನ ಸಣ್ಣ ತಂತಿ, ಹದ್ನಾರೇ ಅದ್ಕೆ ಜಾಸ್ತಿ. ಇದು ಬೀಳ್ದಿದ್ರೆ ಅದು ಬೇಯ್ತದೆ."

"ನಿಂಗಾಗ್ದಿದ್ರೆ ಬುಡು, ನಾನೇ ಹಾಕ್ಕತೀನಿ."

ವೈರಿಂಗಿನವರು ಹೊಸ ಬ್ರೇಕರನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗೀಸರಿನ ತಂತಿ ಬಿಚ್ಚಿಟ್ಟು, ಹಿತ್ತಲಿನ ಹಂಡೆ ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಹಚ್ಚಿದರು. "ಇವತ್ತೊಂದಿನ ಇದ್ರಲ್ಲೇ ನೀರ್ ಕಾಯ್ಸಿ ಅಕ್ಕ" ಎಂದು ಚಿಕ್ಕಮ್ಮನಿಗೆ ಹೇಳಿ ಬೈಕ್ ಹತ್ತಿದರು. "ಬ್ರೇಕರ್ ಎತ್ಕೊಂಡೋದ ಕಳ್ಳ" ಎಂದು ಚಿಕ್ಕಪ್ಪ ಅವರಿಗೆ ಕೇಳುವಂತೆ ಗೇಟಿನವರೆಗೂ ಬೈದುಕೊಂಡು ಹೋದರು.

ಮರುದಿನ ವೈರಿಂಗಿನವರು ದಪ್ಪ ತಂತಿಯ ಸುರುಳಿ ತಂದರು. ಗೋಡೆಯಿಂದ ಎಳೆದ ಹಳೆಯ ತಂತಿಯ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಆ ಗೋಡೆಯ ಆಚೆಯೇ ತೊಟ್ಟಿಲಿತ್ತು. ಅಥವಾ ಈಗ ಬರೆಯುವಾಗ ನಾನೇ ಅಲ್ಲಿ ತಂದಿಡುತ್ತಿದ್ದೇನೋ. ಚಿಕ್ಕಪ್ಪ ಆ ತಂತಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

ಅವರು ಜೇಬಿನಿಂದ ಮೂವತ್ತೆರಡರ ಬ್ರೇಕರ್ ತೆಗೆದು ಚಿಕ್ಕಪ್ಪನ ಕೈಗಿಟ್ಟರು.

"ಎಣಿಸ್ಕೊಳ್ಳಿ ಅಣ್ಣ. ಒಂದೇ ಐತೆ."