ಟೀ ತರುವವರೆಲ್ಲ ಕೂತ ದಿನ

ಪ್ರಾಂಶುಪಾಲರು ಸಿಟ್ಟಾಗಿ ಎದ್ದು ಹೋಗಬಹುದು. ಮಕ್ಕಳು ಘೋಷಣೆ ಕೂಗಬಹುದು. ಯಾರಾದರೂ ವಿಡಿಯೋ ಮಾಡಬಹುದು, ಅದರಲ್ಲಿ ನಾನು ಆಕಳಿಸುತ್ತಿರಬಹುದು. ಮೇಲಿನವರ ಫೋನ್ ಬರಬಹುದು. ಶಿವಮೊಗ್ಗದಿಂದ ಭದ್ರಾವತಿ ಮುಟ್ಟುವಷ್ಟರಲ್ಲಿ ಇಷ್ಟಕ್ಕೂ ಚಿಂತಿಸಿ, ಉಳಿದ ಹೊತ್ತಿನಲ್ಲಿ ಜೀಪಿನ ಟೈರಿಗೂ ಚಿಂತಿಸಿದ್ದೆ.

ಮೂರು ವರ್ಷದ ಹಿಂದಿನ ಮಾತು. ನಾನಾಗ ಶಿವಮೊಗ್ಗದಲ್ಲಿ ಕಾರ್ಮಿಕ ಅಧಿಕಾರಿ. ಭದ್ರಾವತಿಯ ಖಾಸಗಿ ಕಾಲೇಜೊಂದರಲ್ಲಿ ಎಂಟು ವಿದ್ಯಾರ್ಥಿಗಳು ತರಗತಿಗಳ ನಡುವೆ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದರು. ಶಿಫ್ಟ್ ಯಾವಾಗ ಎಂಬುದು ಹಿಂದಿನ ಸಂಜೆಯಷ್ಟೇ ತಿಳಿಯುತ್ತಿತ್ತು. ಎಷ್ಟೋ ಸಲ ಲ್ಯಾಬ್ ತಪ್ಪುತ್ತಿತ್ತು. ಇದನ್ನು ಸರಿಪಡಿಸಿಕೊಳ್ಳಲು ಅವರು ಸಂಘ ಕಟ್ಟಿಕೊಂಡರು. ಸಂಘ ಬಿಡಿ, ಇಲ್ಲವೇ ಕೆಲಸ ಬಿಡಿ ಎಂದಿತು ಕಾಲೇಜು. ಕೆಲಸ ಹೋದರೆ ಹಾಸ್ಟೆಲ್ಲಿಗೆ ಕಟ್ಟಲು ದುಡ್ಡಿಲ್ಲ, ಹಾಸ್ಟೆಲ್ ಇಲ್ಲದೆ ಓದೂ ಇಲ್ಲ. ಹಾಗಾಗಿ ರಾಜಿ ಸಂಧಾನ, ಅಂದರೆ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸುವ ಕೆಲಸ, ನನ್ನ ಪಾಲಿಗೆ ಬಂತು.

"ಇವ್ರು ಕಾರ್ಮಿಕರಲ್ಲ ಮೇಡಂ, ನಮ್ಮನೆ ಮಕ್ಳು" ಎಂದರು ಪ್ರಾಂಶುಪಾಲರು. "ಮನೇಲಿ ಮಕ್ಳು ಸಂಘ ಕಟ್ತಾರಾ?"

"ಮನೇಲಿ ಶಿಫ್ಟ್ ಇರಲ್ಲ ಸರ್" ಎಂದಳು ಸಂಘದ ಅಧ್ಯಕ್ಷೆ ಕಾವ್ಯ. ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿ.

ಮಾತು ಕಾವೇರಿತು. ನನ್ನ ಕೈ ಬ್ಯಾಗಿನಲ್ಲಿ ಬಿಪಿ ಮಾತ್ರೆ ಹುಡುಕುತ್ತಿತ್ತು. ಆಗ ಪ್ರಾಂಶುಪಾಲರು ಎಂದಿನಂತೆ, "ಕಾವ್ಯಾ, ಎಲ್ರಿಗೂ ಟೀ ತಗೊಂಬಾ" ಎಂದುಬಿಟ್ಟರು. ಅವಳೂ ಎಂದಿನಂತೆ ಎದ್ದುಬಿಟ್ಟಳು. ಪಕ್ಕದಲ್ಲಿದ್ದ ಗೆಳತಿ ಸೆಲ್ವಿ ದುಪಟ್ಟಾ ಹಿಡಿದೆಳೆದು ಕೂರಿಸಿದಳು.

"ಈಗ ನನ್ ಶಿಫ್ಟ್ ಅಲ್ಲ ಸರ್" ಎಂದಳು ಕಾವ್ಯ.

"ಹಂಗಾದ್ರೆ ಡ್ಯೂಟೀಲಿ ಇರೋರು ಹೋಗಿ! ಡ್ಯೂಟಿ ಅಂದ್ಮೇಲೆ ಡ್ಯೂಟಿ!"

ಯಾರೂ ಏಳಲಿಲ್ಲ. ನಾನು ಮೆಲ್ಲಗೆ ಕೇಳಿದೆ: "ಮನೆ ಮಕ್ಳಿಗೂ ಡ್ಯೂಟಿ ಹಾಕ್ತೀರಾ ಸರ್?"

ಮೊದಲು ನಕ್ಕವರು ಪ್ರಾಂಶುಪಾಲರೇ. "ಸಿಕ್ಕಾಕ್ಕೊಂಡೆ ಮಾರಾಯ್ತಿ" ಎಂದರು ಕಾವ್ಯಳ ಕಡೆ ತಿರುಗಿ.

ಮಧ್ಯಾಹ್ನದೊಳಗೆ ಸಹಿ ಬಿತ್ತು. ಸಂಘವೂ ಉಳಿಯಿತು, ಕೆಲಸವೂ ಉಳಿಯಿತು. ಶಿಫ್ಟನ್ನು ವಾರ ಮೊದಲೇ ಹೇಳಬೇಕು, ಲ್ಯಾಬ್ ಹೊತ್ತಿಗೆ ಹಾಕುವಂತಿಲ್ಲ. ಬಾರದೆ ಉಳಿದದ್ದು ಟೀ ಮಾತ್ರ. ಅದನ್ನು ಕಾಸಲು ನಾನೂ ಪ್ರಾಂಶುಪಾಲರೂ ಕ್ಯಾಂಟೀನಿನ ಒಳಗೆ ಹೋದೆವು. ಎಂಟೂ ಜನ ಗಿರಾಕಿಗಳ ಹಾಗೆ ಬೆಂಚಿನ ಮೇಲೆ ಕೂತು, "ಸರ್, ಎಂಟು ಸ್ಟ್ರಾಂಗ್! ಬೇಗ!" ಎಂದು ಕೂಗಿದರು.

ದುಡಿಯುವವರು ಒಟ್ಟಿಗೆ ಕೂತು ಕೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟು. ಆದರೂ ಬಿದ್ದೀತೇನೋ ಎಂದು ಕಿಟಕಿಯಾಚೆ ನೋಡುತ್ತಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು.

"ಬಿಡಿ ಮೇಡಂ, ಸಂಘದ ಗೃಹಪ್ರವೇಶ ಆಯ್ತು" ಎಂದಳು ಸೆಲ್ವಿ, ಕೂತಲ್ಲಿಂದಲೇ. "ಒಲೆ ಮಾತ್ರ ನೀವೇ ಒರೆಸ್ಬೇಕು."