ಬೆಸುಗೆಯ ಮೇಲಿನ ತೆಳು ಬಣ್ಣ

ಎಲ್ಲರೂ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು. ಗೇಟು, ಗಾಡಿ, ಅಂಗಡಿಯ ಷಟರು, ಯಾವುದಾದರೂ ಸರಿ, ಮೂಗಿಗೆ ಬಟ್ಟೆ ಕಟ್ಟಿ ಸ್ಪ್ರೇ ಗನ್ ಹಿಡಿದಳೆಂದರೆ ಕೆಲಸ ಮುಗಿಯುವವರೆಗೆ ಮಾತಿಲ್ಲ.

ಅವಳ ಅಣ್ಣ ಗುಜರಿಯಿಂದ ಹಳೇ ಟ್ರ್ಯಾಕ್ಟರೊಂದನ್ನು ತಂದು ಎರಡು ವರ್ಷ ಅದರ ಬೆನ್ನು ಹತ್ತಿದ್ದ. ಎಂಜಿನ್ ಬಿಚ್ಚಿ ಕಟ್ಟಿದ, ಮುರಿದಿದ್ದ ಮುಂದಿನ ಆಕ್ಸಲ್‌ಗೆ ಬೆಸುಗೆ ಹಾಕಿಸಿದ. ತಂದಾಗ ಬಲಗಡೆಯ ಮಡ್‌ಗಾರ್ಡ್ ಅಪ್ಪಚ್ಚಿಯಾಗಿತ್ತು. ಆ ಸೀಟಿನಲ್ಲಿ ಕೂತಿದ್ದವನಿಗೆ ಏನಾಯಿತೆಂದು ಗುಜರಿಯವನು ಹೇಳಲಿಲ್ಲ, ಅಣ್ಣ ಕೇಳಲೂ ಇಲ್ಲ. ಅತ್ತಿಗೆ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಬಣ್ಣದ ಮಾತು ಬಂದಾಗ ಜಗಳ ಶುರುವಾಯಿತು.

“ಪುಟ್ಟಿ ಹಾಕಿ ಎಲ್ಲಾ ಸಮ ಮಾಡು. ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳೋ ಹಾಗಿರ್ಬೇಕು,” ಎಂದ ಅಣ್ಣ.

“ನಿನ್ನ ತಲೇಲಿ ಬಾಚೋಕೆ ಏನಿದೆ? ಇದು ನಾಳೆ ಕಲ್ಲು ಹೊರೋ ಗಾಡಿ. ಒಂದು ಪ್ರೈಮರ್, ಎರಡು ಕೈ ಬಣ್ಣ, ಸಾಕು. ಬೆಸುಗೆ ಮೇಲೆ ಮಾತ್ರ ತೆಳ್ಳಗೆ ಬೂದು ಬಣ್ಣ. ಬಿರುಕು ಬಿಟ್ರೆ ಕಾಣ್ಬೇಕು.”

“ಬಿಡ್ತು ಅನ್ನು! ಬಿರುಕು ಯಾಕೆ ಬಿಡುತ್ತೆ?”

ಅವಳು ಜಗ್ಗಲಿಲ್ಲ. ಹಸಿರು ಮೈಯ ಕೆಳಗಿನ ಆ ಬೂದು ತೇಪೆ ಅಣ್ಣನ ಕಣ್ಣಿಗೆ ಮುಳ್ಳಾಯಿತು. ತಂಗಿಯೊಂದಿಗೆ ಮಾತು ಬಿಟ್ಟ. ಗುಡ್ಡದ ಮೇಲಿನ ಕ್ವಾರಿಯಿಂದ ಕಲ್ಲು ಇಳಿಸತೊಡಗಿದ. ಇಳಿಜಾರಿನಲ್ಲಿ ಗಾಡಿಯ ಸದ್ದು ಕೇಳಿದಾಗಲೆಲ್ಲ ಅತ್ತಿಗೆಯ ಕೈಕೆಲಸ ನಿಂತುಬಿಡುತ್ತಿತ್ತು. ನಾದಿನಿ ಹೇಳಿಕೊಟ್ಟಂತೆ ಅವಳು ದಿನಾ ಬೆಳಿಗ್ಗೆ, ಅಂಜುತ್ತಲೇ, ಬಗ್ಗಿ ಆ ಬೆಸುಗೆ ಒರೆಸಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಕೂದಲೆಳೆಯಂಥ ಕೆಂಪು ಗೆರೆ ಕಂಡಿತು. ಒರೆಸಿದರೂ ಹೋಗಲಿಲ್ಲ. ಅಣ್ಣ ಆಗಲೇ ಎಂಜಿನ್ ಶುರು ಮಾಡಿದ್ದ. ಅತ್ತಿಗೆ ಗಾಡಿಗೆ ಅಡ್ಡ ನಿಂತಳು.

“ಇಳೀರಿ.”

“ಹುಚ್ಚು ಹಿಡೀತಾ ನಿಂಗೆ?”

“ಇಳಿದು ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ.”

ಅವನು ಇಳಿದು ಗೆರೆಯನ್ನು ಉಗುರಿನಿಂದ ಕೆರೆದ. ಎಂಜಿನ್ ಆರಿಸಿದ. ಆಕ್ಸಲ್ ಕಳಚಿದಾಗ ಬಿರುಕು ಅದನ್ನು ಅರ್ಧಕ್ಕೂ ಹೆಚ್ಚು ತಿಂದುಹಾಕಿತ್ತು.

ಹೊಸ ಆಕ್ಸಲ್ ಬಂತು. ಈ ಸಲ ಅಣ್ಣ ಅದಕ್ಕೆ ಒಂದು ಹನಿ ಬಣ್ಣವನ್ನೂ ಸೋಕಗೊಡಲಿಲ್ಲ. “ಬರೀ ಕಬ್ಬಿಣ ಇರ್ಲಿ. ಎಲ್ಲಾ ಕಾಣ್ಲಿ.” ನಾಲ್ಕು ಮಳೆ ಬೀಳುವಷ್ಟರಲ್ಲಿ ಆಕ್ಸಲ್‌ನ ಮೈಯೆಲ್ಲ ತುಕ್ಕು ಹಬ್ಬಿತು. ಅವನು ಆ ಗಾಡಿಯಲ್ಲೇ ಕಲ್ಲು ಇಳಿಸುತ್ತಿದ್ದ.

ಬಣ್ಣದಕ್ಕ ಉಪ್ಪುಕಾಗದ, ಡಬ್ಬಿ ಹಿಡಿದು ಬಂದಳು. ಗಾಡಿಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು.

“ತುಕ್ಕೂ ಬಿರುಕು ಮುಚ್ಚುತ್ತೆ ಅಣ್ಣಾ. ಪುಟ್ಟಿಗಿಂತ ಚೆನ್ನಾಗಿ ಮುಚ್ಚುತ್ತೆ.”

ಅವಳು ಕೆಂಪು ಹುಡಿ ಕೆರೆಯುತ್ತಿದ್ದಷ್ಟು ಹೊತ್ತೂ ಅಣ್ಣ ಮುಖ ತಿರುಗಿಸಿ ಗುಡ್ಡದ ದಾರಿಯನ್ನೇ ನೋಡುತ್ತ ಕುಳಿತ.

ತುಕ್ಕಿನ ಕೆಳಗೆ ಬಿರುಕೇನೂ ಇರಲಿಲ್ಲ. ಅದನ್ನು ಅವಳು ಅವನಿಗೆ ಎರಡು ಸಲ ಹೇಳಬೇಕಾಯಿತು.