ಹುಳುಮನೆಯ ಪರದೆ

ಪಡಿತರ ಚೀಟಿಯ ಕೆಲಸಕ್ಕೆ ಹೋದ ನನ್ನನ್ನು ಶ್ರೀನಿವಾಸಪುರದ ಕಡೆಯ ಒಂದು ಮನೆಯವರು ಬಾಗಿಲಲ್ಲೇ ತಡೆದರು. ಅದಕ್ಕೆ ನನಗೆ ಕೋಪವಿಲ್ಲ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. ರೋಗ ತಗಲೀತು, ದೃಷ್ಟಿ ತಾಗೀತು ಎಂಬ ಎರಡೂ ಭಯ ಅವರಿಗಿವೆ. ಆದರೆ ಆ ಹುಳುಮನೆಯೊಳಗೆ ಒಬ್ಬ ಹುಡುಗಿಯೂ ಇದ್ದಳು. ಪಿಯುಸಿ ಓದುತ್ತಿದ್ದವಳು ಕಾಲೇಜು ಬಿಟ್ಟು, ಊಟ ಬಿಟ್ಟು, ಕೊನೆಗೆ ಮಾತನ್ನೂ ಬಿಟ್ಟಿದ್ದಳು. ಜನರ ಕಣ್ಣಿಗೆ ಬೀಳದಿರಲೆಂದು ತಾಯಿ ಅವಳನ್ನು ಹುಳುವಿಗೆ ಸೊಪ್ಪು ಹಾಕುವ ನೆಪದಲ್ಲಿ ಅಲ್ಲೇ ಇರಿಸಿದ್ದರು.

“ಒಳಕ್ಕೆ ಬರ್ಬೇಡ್ರಮ್ಮ, ಹುಳ ಹಣ್ಣಾಗ್ತಾ ಐತೆ. ಅವ್ಳಿಗೇನಾಗೈತೆ? ಸೋಂಬೇರಿತನ ಅಷ್ಟೇ,” ಎಂದರು ತಾಯಿ, ಮಗಳನ್ನು ವಿಚಾರಿಸಿದ್ದಕ್ಕೆ.

ಹುಳುಗಳನ್ನು ಕೊಲ್ಲುವ ಊಜಿನೊಣ ಬಾರದಂತೆ ಕಿಟಕಿಗೆ ಬಿಗಿದಿದ್ದ ಪರದೆಯ ಈಚೆ, ಜಗಲಿಯ ಮೇಲೆ ದಿನವೂ ಹೋಗಿ ಕೂತೆ. ಒಳಗೆ ಹುಳು ಎಲೆ ಮೇಯುವ ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ಮಧ್ಯಾಹ್ನ ಪರದೆಯಾಚೆಯಿಂದ ದನಿ ಬಂತು.

“ಅಜ್ಜಿ, ದಿನಾ ಯಾಕ್ ಬರ್ತೀರ? ನಿಮ್ಮನೇಲಿ ನಿಮ್ಮನ್ನೂ ಸೇರಿಸಲ್ವಾ?”

ನಾನು ನಕ್ಕೆ. ಅವಳು ಪರದೆಯ ಹತ್ತಿರ ಬಂದು, “ನಂಗೆ ಬೆಳಗಾದ್ರೆ ಭಯ ಆಗುತ್ತೆ. ಯಾರಾದ್ರೂ ಡಾಕ್ಟ್ರಿಗೆ ತೋರ್ಸಿ, ಬರ್ತೀನಿ,” ಎಂದಳು.

ಗೂಡು ಮಾರುಕಟ್ಟೆಗೆ ಹೋದ ಮರುದಿನವೇ ತಾಯಿಮಗಳನ್ನು ಕೋಲಾರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಮನೋವೈದ್ಯರ ಕೋಣೆಗೆ ಬೀಗವಿತ್ತು. ಅವರು ಯಾವಾಗ ಬರುತ್ತಾರೆಂದು ಕೇಳಿದೆ. ಅಲ್ಲಿನ ಆಡಳಿತಾಧಿಕಾರಿ ಕಿತ್ತಲೆ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ, ಕೂರಿ ಎನ್ನಲಿಲ್ಲ. ಎರಡೂ ನನಗೆ ನೆನಪಿವೆ. ಉತ್ತರ ಕೊಟ್ಟದ್ದು ತಾಯಿಗೆ, ಅವರ ಮನೆಮಾತಾದ ತೆಲುಗಿನಲ್ಲಿ: “ಪೆಳ್ಳಿ ಚೇಸೆಯ್ಯಮ್ಮಾ, ಅಂತಾ ಸರಿಪೋತುಂದಿ.” ಮದುವೆ ಮಾಡಿಬಿಡು, ಎಲ್ಲ ಸರಿಹೋಗುತ್ತದೆ.

ನಾನು ತಡೆದೆ. “ನೀವೇನ್ ಡಾಕ್ಟ್ರಾ ಮೇಡಂ?” ಎಂದರು.

“ನೀವೂ ಅಲ್ವಲ್ಲ ಸ್ವಾಮಿ.”

ತಾಯಿ ನಂಬಿದ್ದು ಕುರ್ಚಿಯ ಮೇಲಿದ್ದವರನ್ನು. ಹದಿನೆಂಟು ತುಂಬಿದ ತಿಂಗಳಲ್ಲೇ ಹುಡುಗಿಯನ್ನು ಹೆದ್ದಾರಿ ಬದಿಯ ನಂಗಲಿಗೆ ಮದುವೆ ಮಾಡಿಕೊಟ್ಟರು.

ಅಲ್ಲಿಯವರೆಗೆ ನನ್ನ ಸಮಾಜಸೇವೆಯೆಂದರೆ ಪಿಂಚಣಿ, ಪಡಿತರ ಚೀಟಿಗಳ ಓಡಾಟ. ಅಂದಿನಿಂದ ಮಾಲೂರಿನ ಇಟ್ಟಿಗೆ ಗೂಡುಗಳಿಂದ ಮುಳಬಾಗಿಲಿನವರೆಗೆ, ಹೋದ ಸಭೆಯಲ್ಲೆಲ್ಲ ಒಂದೇ ಬೇಡಿಕೆ ಇಟ್ಟಿದ್ದೇನೆ: ಎಳೆಯರ ಮನಸ್ಸಿನ ಕಷ್ಟ ಕೇಳಲು ಕಲಿತ ಒಬ್ಬರು ಪ್ರತಿ ತಾಲ್ಲೂಕಿನಲ್ಲೂ ಕೂರಬೇಕು. ಅಂಥ ಒಂದು ಸಭೆಯಲ್ಲಿ ಅದೇ ಅಧಿಕಾರಿ, “ಬಂದ್ರಪ್ಪಾ, ಹುಚ್ಚರ ವಕೀಲ್ರು!” ಎಂದು ಎಲ್ಲರನ್ನೂ ನಗಿಸಿದರು. ಅವರು ಅಂದು ತಾಯಿಗಾಡಿದ ಮಾತನ್ನು ಕಿತ್ತಲೆಯ ಸಮೇತ ಎಲ್ಲರೆದುರು ಒಪ್ಪಿಸಿದೆ. ನಗು ನಿಂತಿತು. ಮನೋವೈದ್ಯರ ಕೋಣೆಯ ಬೀಗ ಮಾತ್ರ ಇಂದಿಗೂ ಹಾಗೆಯೇ ಇದೆ.

ಹೋದ ತಿಂಗಳು ನಂಗಲಿಗೆ ಹೋಗಿದ್ದೆ. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಹುಷಾರಾಗವ್ಳೆ, ಮಲ್ಗವ್ಳೆ. ನೀವು ಹೋಗ್ಬನ್ನಿ.” ಅವರ ಬೆನ್ನ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೆದ್ದಾರಿಯ ಲಾರಿಗಳ ಸದ್ದನ್ನು ಮೀರಿ, “ಅಜ್ಜಿ ಬಂದಿದೀನಿ ಕಣೇ,” ಎಂದು ಕೂಗಿದೆ. ಅತ್ತೆ ಬಾಗಿಲು ಮುಚ್ಚಿದರು.

ಹೊರಗಿನವರನ್ನು ತಡೆಯಲು ಆ ಮನೆಯಲ್ಲಿ ಹುಳುವೇನೂ ಸಾಕುತ್ತಿರಲಿಲ್ಲ.